ಶೇಂಗಾ ಸಿಪ್ಪೆ ಮತ್ತು ಹೆಸರಿಲ್ಲದ ಪ್ರಬಂಧ

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಅಡಿವೆಪ್ಪಜ್ಜ ಎಂಬ ಗುರುಗಳು. ಅವರು ಮಂತ್ರ ಹೇಳಿಕೊಡುವವರಲ್ಲ. ಒಂದು ಕಂಪ್ಯೂಟರು ಆಡಿದ ಮಾತು ಇನ್ನೊಂದು ಕಂಪ್ಯೂಟರನ್ನು ಹೇಗೆ ಮುಟ್ಟುತ್ತದೆ, ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತದೆ, ಕಳೆದರೆ ಏನು ಮಾಡಬೇಕು, ಇದೇ ಅವರ ವಿದ್ಯೆ.

ಬಹಳ ವರ್ಷ ಕಾಲೇಜಿನಲ್ಲಿ ಆ ಪಾಠ ಹೇಳಿ, ನಿವೃತ್ತಿಯಾದ ಕೂಡಲೇ ಗಂಟುಮೂಟೆ ಕಟ್ಟಿಕೊಂಡು ಹೊಳೆಗೆ ಬಂದಿದ್ದರು. ಒಂದು ಬೇವಿನ ಮರ, ನೀರಿಗಿಳಿಯುವ ಕಲ್ಲಿನ ಮೆಟ್ಟಿಲು, ತಗಡಿನ ಚಾವಣಿಯ ಎರಡು ಕೋಣೆ. ಒಂದರಲ್ಲಿ ಒಲೆ, ಇನ್ನೊಂದರ ತುಂಬ ತಂತಿ. ಸುತ್ತಲಿನವರ ಬಾಯಲ್ಲಿ ಅವರು ಬರೀ ಅಜ್ಜಾರು.

ಸಂಶೋಧನೆಗೆಂದು ಬಂದ ಶಿಷ್ಯರು ಇಬ್ಬರು. ದಾಕ್ಷಾಯಣಿ ಹಳಬಳು. ಮೌನೇಶ ಹೊಸಬ; ಹೆಸರು ಹಾಗಿದ್ದರೂ ಅವನ ಬಾಯಿಗೆ ಬಿಡುವಿಲ್ಲ. ಅಡುಗೆಯ ಹುಲಿಗೆಮ್ಮ ಮೂವರನ್ನೂ ಬೈದು ಬೈದು ಉಣ್ಣಿಸುತ್ತಿದ್ದಳು.

ಒಂದು ಬೆಳಿಗ್ಗೆ ದಾಕ್ಷಾಯಣಿ ಆರು ಹಾಳೆ ಹಿಡಿದು ಮೆಟ್ಟಿಲಿಳಿದು ಬಂದಳು. ಅಜ್ಜಾರು ಎಳೆಬಿಸಿಲಿಗೆ ಮೈಯೊಡ್ಡಿ ಕೂತಿದ್ದರು. ಪಕ್ಕದಲ್ಲಿ ಹುರಿದ ಶೇಂಗಾ ಕಾಯಿಯ ಬುಟ್ಟಿ.

"ಅಜ್ಜಾರ, ವರ್ಕ್‌ಶಾಪಿಗೆ ಕಳಸೋ ಪೇಪರ್ ಮುಗೀತ್ರಿ. ನೀವು ಹೂಂ ಅಂದ್ರ ಇವತ್ತ ಕಳಿಸಿಬಿಡ್ತೀನಿ."

"ಅವರ ನಿಯಮ ಏನೈತಿ?"

"ಆರು ಪುಟ ದಾಟಬಾರದ್ರಿ. ಬರದವರ ಹೆಸರು ಇರಬಾರದ್ರಿ. ಓದಿ ಆರಿಸೋರಿಗೆ ನಾವ್ಯಾರಂತ ಗೊತ್ತಾಗಬಾರದು, ನಮಗ ಅವರ್ಯಾರಂತ ಗೊತ್ತಾಗಬಾರದು."

"ಚೊಲೊ ನಿಯಮ. ಹೆಸರು ತಗದೀಯೇನು?"

"ತಗದೀನ್ರಿ."

"ಹಂಗಾರ ಓದು."

ಅದು ಆಶ್ರಮದ ಪದ್ಧತಿ. ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದರೆ ಅಡ್ಡಿಯಿಲ್ಲ. ಆದರೆ ಹೊರಗೆ ಕಳಿಸುವ ಮುಂಚೆ ಅದರ ಒಂದೊಂದು ವಾಕ್ಯವನ್ನೂ ಮೆಟ್ಟಿಲ ಮೇಲೆ ಕೂತು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಇಂಗ್ಲಿಷಿನಲ್ಲಿ ಗತ್ತಿನಿಂದ ಮೆರೆದ ಎಷ್ಟೋ ವಾಕ್ಯಗಳು ಆ ಮೆಟ್ಟಿಲ ಮೇಲೆ ತಾವಾಗಿಯೇ ನಾಚಿಕೊಂಡಿದ್ದುಂಟು.

ದಾಕ್ಷಾಯಣಿ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು.

ಆಶ್ರಮದ ಕೆಳಗೆ ಹೊಳೆ ದೊಡ್ಡ ದೊಡ್ಡ ಬಂಡೆಗಳ ನಡುವೆ ಹರಿಯುತ್ತದೆ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಾಗ ಆ ಸುದ್ದಿ ದಂಡೆಯಲ್ಲಿ ಬಟ್ಟೆ ಒಗೆಯುವವರಿಗೆ, ಎಮ್ಮೆಯ ಮೈ ತೊಳೆಯುವವರಿಗೆ, ಮರಳಿನಲ್ಲಿ ಸೌತೆಬಳ್ಳಿ ಹಾಕಿದವರಿಗೆ ನೀರಿಗಿಂತ ಮುಂಚೆ ಮುಟ್ಟಬೇಕು.

ಅದಕ್ಕೆಂದು ದಾಕ್ಷಾಯಣಿ ದಂಡೆಯುದ್ದಕ್ಕೂ ಕಂಬ ನೆಡಿಸಿ, ಒಂದೊಂದರ ತುದಿಗೂ ಒಂದು ಸಣ್ಣ ರೇಡಿಯೋ ಪೆಟ್ಟಿಗೆ ಕಟ್ಟಿದ್ದಳು. ಒಂದು ಪೆಟ್ಟಿಗೆ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸುದ್ದಿ ದಾಟಿಸಿ ಕೊನೆಗೆ ಸೈರನ್ ಕೂಗಬೇಕು. ಯಾವ ಪೆಟ್ಟಿಗೆ ಯಾವುದಕ್ಕೆ ಹೇಳಿದರೆ ಬ್ಯಾಟರಿ ಹೆಚ್ಚು ದಿನ ಬರುತ್ತದೆ ಎಂದು ಲೆಕ್ಕ ಹಾಕುವ ಜಾಣ ವಿಧಾನವೊಂದನ್ನು ಅವಳೇ ಕಂಡುಹಿಡಿದಿದ್ದಳು. ಪ್ರಬಂಧ ಅದರ ಬಗ್ಗೆ.

ಈ ಪ್ರಬಂಧದ ಮೇಲೆ ಅವಳ ಜೀವವೇ ತೂಗಾಡುತ್ತಿತ್ತು. ಮೊದಲು ಎರಡು ಕಡೆ ಕಳಿಸಿ, ಎರಡು ಕಡೆಯಿಂದಲೂ ವಾಪಸು ಬಂದಿತ್ತು. ಪಿಎಚ್.ಡಿ.ಯ ಅವಧಿ ಮುಗಿದಿತ್ತು. ಸಂಶೋಧಕರು ಸೇರುವ ಈ ಕಾರ್ಯಾಗಾರದವರು ಒಪ್ಪಿದರೆ ಮುಂದುವರಿಕೆ; ಬೇಡವೆಂದರೆ ವಿಶ್ವವಿದ್ಯಾಲಯ ಅವಳ ನೋಂದಣಿಯನ್ನೇ ರದ್ದು ಮಾಡುತ್ತಿತ್ತು. ಬಿಸಿಲಲ್ಲಿ ಕಂಬ ಹತ್ತಿ ಕಳೆದ ಇಷ್ಟೂ ವರ್ಷ ನೀರಲ್ಲಿ ಹೋಮವಾಗುತ್ತಿತ್ತು.

ಅವಳು ಓದುತ್ತಿದ್ದಳು. ಅಜ್ಜಾರು ಕೇಳುತ್ತಿದ್ದರು. ನಡುನಡುವೆ ಬುಟ್ಟಿಗೆ ಕೈ ಹಾಕಿ ಒಂದು ಕಾಯಿ ತೆಗೆದು, ಟಕ್ ಎಂದು ಒಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಓದಿ ಮುಗಿಯುವಷ್ಟರಲ್ಲಿ ಅವರ ಕಾಲ ಬಳಿ ಸಿಪ್ಪೆಯ ಗುಡ್ಡೆ.

"ಹೆಂಗೈತ್ರಿ ಅಜ್ಜಾರ?"

"ಚೊಲೊ ಹುರದಾಳ ಹುಲಿಗೆಮ್ಮ."

"ಶೇಂಗಾ ಅಲ್ರಿ, ಪೇಪರ್!"

"ಪೇಪರಿನಾಗ ಹೆಸರು ಇರಬಾರದು ಅಂದಿ. ಐತಲ್ಲ."

ದಾಕ್ಷಾಯಣಿ ಗಾಬರಿಯಾಗಿ ಹಾಳೆ ತಿರುವಿದಳು. "ಎಲ್ಲೈತ್ರಿ?"

ಅಜ್ಜಾರು ಕಾಲಿನಿಂದ ಸಿಪ್ಪೆಯ ಗುಡ್ಡೆಯನ್ನು ಅವಳ ಕಡೆ ತಳ್ಳಿದರು. "ನಿನ್ನ ಹೆಸರು ಕೇಳಿದಾಗೊಮ್ಮೆ ಒಂದೊಂದು ತಿಂದೆ. ಹೊಟ್ಟಿ ತುಂಬಿ ಹೋತು."

ಅಂದು ಮಧ್ಯಾಹ್ನವೆಲ್ಲ ದಾಕ್ಷಾಯಣಿ ಹೆಸರು ಹುಡುಕಿದಳು. ಹುಡುಕಿದರೆ ಸಿಗದೇ ಇರುತ್ತದೆಯೇ? ಒಂದು ಕಡೆ 'ನಮ್ಮ ಹಿಂದಿನ ಪ್ರಬಂಧದಲ್ಲಿ ತೋರಿಸಿದಂತೆ' ಎಂದು ಬರೆದಿದ್ದಳು. ಆ ಹಿಂದಿನ ಪ್ರಬಂಧ ನೋಡಿದರೆ ಇವಳು ಯಾರೆಂದು ಯಾರಿಗಾದರೂ ತಿಳಿಯುತ್ತದೆ. ಅದನ್ನು ತೆಗೆದಳು. ಕೊನೆಯಲ್ಲಿ ಅಜ್ಜಾರಿಗೂ ಹುಲಿಗೆಮ್ಮನಿಗೂ ಕೃತಜ್ಞತೆ ಹೇಳಿದ್ದಳು. ಅದನ್ನೂ ತೆಗೆದಳು.

"ಫೈಲಿನ ಒಳಗೂ ಇರತೈತಿ ಅಕ್ಕಾ," ಎಂದ ಮೌನೇಶ. "ಯಾರು ಟೈಪ್ ಮಾಡಿದ್ರು ಅಂತ ಕಂಪ್ಯೂಟರ್ ತಾನ ಬರಕೊಂಡಿರತೈತಿ."

ನೋಡಿದರೆ ಹೌದು, ಕಣ್ಣಿಗೆ ಕಾಣದ ಮೂಲೆಯಲ್ಲಿ ಅವಳ ಪೂರ್ತಿ ಹೆಸರು ಆರಾಮಾಗಿ ಕೂತಿತ್ತು. ದಾಕ್ಷಾಯಣಿ ಅದನ್ನು ಅಳಿಸಿ ಗೆದ್ದವಳಂತೆ ಕೈ ಕೊಡವಿದಳು.

ಮರುದಿನ ಮೆಟ್ಟಿಲ ಮೇಲೆ ಮತ್ತೆ ಓದಿದಳು.

ಟಕ್. ಟಕ್. ಟಕ್ ಟಕ್.

ಗುಡ್ಡೆ ನಿನ್ನೆಯಷ್ಟೇ ಎತ್ತರ ಬಿದ್ದಿತ್ತು.

"ಇನ್ನೂ ಐತೇನ್ರಿ?"

"ಇದ್ದಂಗ ಐತಿ."

ದಾಕ್ಷಾಯಣಿಗೆ ಹಟ ಬಂತು. ಹೆಸರಿನ ಸುಳಿವೂ ಇರಬಾರದು ಎಂದು ಪಣ ತೊಟ್ಟು ಕೂತಳು. ತುಂಗಭದ್ರೆ ಎಂದಿದ್ದರೆ ಇವಳು ಈ ಕಡೆಯವಳೆಂದು ತಿಳಿಯುತ್ತದಲ್ಲ? ಹೊಳೆಯ ಹೆಸರು ತೆಗೆದಳು. ಬಂಡೆ ಎಂದಿದ್ದರೆ ಜಾಗ ತಿಳಿಯುತ್ತದೆ. ಬಂಡೆ ಹೋಯಿತು. ಮಳೆಗಾಲ ಹೋಯಿತು. ಎಮ್ಮೆ, ಸೌತೆಬಳ್ಳಿ, ಅಣೆಕಟ್ಟು, ಎಲ್ಲ ಹೋಯಿತು. ಕಡೆಗೆ ಕಂಬಗಳೂ ಹೋದವು.

ಮೂರನೆಯ ಓದು ಹೀಗಿತ್ತು: ಒಂದು ಪ್ರದೇಶದಲ್ಲಿ ಕೆಲವು ಉಪಕರಣಗಳನ್ನು ಒಂದು ಉದ್ದೇಶಕ್ಕಾಗಿ ಇರಿಸಲಾಯಿತು. ಕೆಲವು ಫಲಿತಾಂಶಗಳು ದೊರೆತವು.

ಒಲೆ ಊದುವ ಕೊಳವೆ ಕೈಯಲ್ಲಿ ಹಿಡಿದು ನಿಂತಿದ್ದ ಹುಲಿಗೆಮ್ಮ ಕೇಳಿದಳು. "ಏನ್ ಇಟ್ರವ್ವಾ? ಎಲ್ಲಿಟ್ರು?"

ಅಜ್ಜಾರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಎದ್ದರು. ಮೆಟ್ಟಿಲಿಳಿದು, ನೀರಿನಂಚಿಗೆ ಹೋಗಿ, ಹಣೆಗೆ ಕೈ ಹಚ್ಚಿ ಆಚೆ ದಂಡೆಯವರೆಗೂ ನೋಡಿದರು.

"ದಾಕ್ಷಾಯಣಿ, ಹೊಳಿ ಎಲ್ಲಿ ಹೋತು?"

"ನಿಮ್ಮ ಕಾಲಾಗ ಐತಲ್ರಿ."

"ಇಲ್ಲಿ ಐತಿ. ಅಲ್ಲಿ ಇಲ್ಲ." ಅವರು ಅವಳ ಕೈಯ ಹಾಳೆ ತೋರಿಸಿದರು. "ಹೊಳಿ ಹೋತು, ಮಂದಿ ಹೋದರು, ಎಮ್ಮಿ ಹೋದವು. ನಿನ್ನ ಹೆಸರೊಂದು ಗಟ್ಯಾಗಿ ಕುಂತೈತಿ."

ದಾಕ್ಷಾಯಣಿಯ ತಾಳ್ಮೆ ಅಲ್ಲಿಗೆ ಮುಗಿಯಿತು. ಅವಳು ಹಾಳೆಗಳನ್ನು ಮೆಟ್ಟಿಲ ಮೇಲೆ ಬಡಿದಳು.

"ಅಜ್ಜಾರ, ನಾಳಿಗೆ ಗಡುವು ಮುಗಿತೈತ್ರಿ! ಇದು ಹೋಗಲಿಲ್ಲ ಅಂದ್ರ ಯೂನಿವರ್ಸಿಟಿಯವರು ನನ್ನ ಹೆಸರು ಹೊಡದ ಹಾಕ್ತಾರ. ಆಮ್ಯಾಲ ಎಲ್ಲೂ ಇರಂಗಿಲ್ಲ ನನ್ನ ಹೆಸರು. ಆವಾಗ ನಿಮಗ ಸಮಾಧಾನ ಆಗತೈತೇನು?"

ಹೇಳಿದ ಮೇಲೆ ಅವಳಿಗೇ ಅಳು ಬಂತು. ಗುರುಗಳಿಗೆ ಹೀಗೆ ಅಂದೆನಲ್ಲ ಎಂದು ನಾಚಿಕೆಯೂ ಆಯಿತು.

ಅಜ್ಜಾರು ಬೇಜಾರು ಮಾಡಿಕೊಳ್ಳಲಿಲ್ಲ. ಮೇಲೆ ಹತ್ತಿ ಬಂದು ತಮ್ಮ ಜಾಗದಲ್ಲಿ ಕೂತರು.

"ಒಂದು ಪೆಟ್ಟಿಗಿ ಕೆಟ್ಟರ ಏನ್ ಮಾಡ್ತಿ?"

ದಾಕ್ಷಾಯಣಿ ಮೂಗು ಒರೆಸಿಕೊಂಡಳು. "ಯಾವಾಗ ಕೆಡತೈತಿ ಅಂತ ಅಳೀತೀನ್ರಿ. ಅಳತಿ ನೋಡಿದ್ರ ಯಾಕ ಕೆಡತೈತಿ ಅಂತ ತಿಳೀತೈತಿ."

"ಮತ್ತ?" ಎಂದು ಅಜ್ಜಾರು ಶೇಂಗಾ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡರು.

ಅವಳು ಬುಟ್ಟಿ ನೋಡಿದಳು. ಅಜ್ಜಾರನ್ನು ನೋಡಿದಳು. ಅಳು ನಿಂತು ನಗು ಉಕ್ಕಿತು.

"ಮೌನೇಶ! ಫೋನ್ ತಾರೋ!"

ಹೊಳೆ, ಬಂಡೆ, ಎಮ್ಮೆಗಳೆಲ್ಲ ಇದ್ದ ಹಳೆಯ ಪ್ರತಿಯನ್ನು ತಂದಳು. ಫೋನನ್ನು ಧ್ವನಿ ಹಿಡಿಯಲು ಹಚ್ಚಿ ಬುಟ್ಟಿಗೆ ಒರಗಿಸಿ ಇಟ್ಟಳು. ಮೌನೇಶನಿಗೆ ಬಾಯಿ ಮುಚ್ಚಿಕೊಂಡು ಕೂರಲು ಹೇಳಿದಳು; ಪಾಪ, ಅವನಿಗೆ ಅದೊಂದು ದೊಡ್ಡ ತಪಸ್ಸು. ಮೊದಲಿನಿಂದ ಕೊನೆಯವರೆಗೆ ಓದಿದಳು. ಅಜ್ಜಾರು ಏನೂ ತಿಳಿಯದವರಂತೆ ತಿನ್ನುತ್ತಾ ಹೋದರು.

ಆಮೇಲೆ ಅಕ್ಕತಮ್ಮರಂತೆ ಇಬ್ಬರೂ ಬೇವಿನ ಮರದ ಕೆಳಗೆ ಕೂತು ಅದನ್ನು ಕೇಳಿದರು. ಟಕ್ ಎಂದಲ್ಲೆಲ್ಲ ದಾಕ್ಷಾಯಣಿ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಟ್ಟಳು.

'ಇದೇ ಮೊದಲ ಬಾರಿಗೆ' ಎಂದಲ್ಲಿ ಒಂದು ಚುಕ್ಕೆ.

'ಯಾರಿಗಾದರೂ ಸುಲಭವಾಗಿ ತಿಳಿಯುವಂತೆ' ಎಂದಲ್ಲಿ ಒಂದು. ಅದರ ಕೆಳಗೆ ಅರ್ಧ ಪುಟದ ಗಣಿತವಿತ್ತು. ಅದು ಸುಲಭವಾಗಿ ತಿಳಿಯುವಂಥದ್ದಲ್ಲ. ಮುಂದೆ ಎಲ್ಲಿಯೂ ಅದರ ಬಳಕೆಯೂ ಇಲ್ಲ.

"ಅಕ್ಕಾ, ಇದನ್ನ ಯಾಕ ಹಾಕೀ?" ಎಂದ ಮೌನೇಶ.

"ನನಗ ಬರತೈತಿ ಅಂತ," ಎಂದಳು ದಾಕ್ಷಾಯಣಿ. ಬಾಯಿ ತಪ್ಪಿ ಬಂದ ಮಾತು. ಆದರೆ ನಿಜ.

ಕೊನೆಯ ಪುಟದಲ್ಲಿ 'ನಮ್ಮ ಈ ಅಲ್ಪ ಪ್ರಯತ್ನ' ಎಂದಿತ್ತು. ಅಲ್ಲಿ ಸಿಪ್ಪೆ ಒಡೆದ ಸದ್ದು ಎಷ್ಟು ಜೋರಾಗಿತ್ತೆಂದರೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಇದಕ್ಕೂ ತಿಂದಾರಲ್ಲೋ! ನಾನು ಸಣ್ಣಾಕಿ ಅಂತ ಬರದ್ರೂ ಬಿಡಂಗಿಲ್ಲ ಈ ಅಜ್ಜ."

ನಗುತ್ತಲೇ ಅವಳು ಐದನೇ ಪುಟಕ್ಕೆ ಹಿಂತಿರುಗಿದಳು. ಅಲ್ಲಿ ಚುಕ್ಕೆ ಒಂದೆರಡಲ್ಲ. ಒಂದೇ ಒಂದು ಚಿತ್ರದ ಕೆಳಗೆ ಚುಕ್ಕೆಗಳ ಸಾಲೇ ಬಿದ್ದಿತ್ತು. ಅವಳ ನಗು ನಿಂತಿತು.

ಆ ಚಿತ್ರದಲ್ಲಿ ಎರಡು ಗೆರೆ. ಒಂದು ಅವಳ ಜಾಣ ವಿಧಾನ. ಇನ್ನೊಂದು ಬಹಳ ಹಳೆಯ, ಒರಟು ವಿಧಾನ: ಸುದ್ದಿ ಬಂದ ಪೆಟ್ಟಿಗೆ ಏನೂ ಯೋಚಿಸದೆ ಎಲ್ಲರಿಗೂ ಕೂಗುತ್ತದೆ, ಕೇಳಿಸಿಕೊಂಡ ಪ್ರತಿಯೊಂದು ಪೆಟ್ಟಿಗೆಯೂ ಮತ್ತೆ ಕೂಗುತ್ತದೆ. ಅದಕ್ಕೆ ಬ್ಯಾಟರಿ ಬಹಳ ಬೇಕು. ಗೆರೆ ಮೇಲಿದ್ದಷ್ಟೂ ವಿಧಾನ ಉತ್ತಮ; ಚಿತ್ರದಲ್ಲಿ ಅವಳ ಗೆರೆಯೇ ಎಲ್ಲೆಲ್ಲೂ ಮೇಲಿತ್ತು.

ಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: 'ಗಾಳಿಯಿಂದ ಕಂಬ ಅಲುಗಾಡಿದ ದಿನಗಳ ಅಳತೆಯನ್ನು ಪರಿಗಣಿಸಿಲ್ಲ.'

ಯಾಕೆ ಪರಿಗಣಿಸಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ದಿನಗಳಲ್ಲಿ ಕಂಬ ಓಲಾಡಿದಾಗ ಅವಳ ಪೆಟ್ಟಿಗೆಗಳು ಯಾರಿಗೆ ಹೇಳಲಿ, ಯಾರಿಗೆ ಹೇಳಲಿ ಎಂದು ಲೆಕ್ಕ ಹಾಕುತ್ತಲೇ ಕೂತಿದ್ದವು. ಒರಟು ವಿಧಾನದವು ಕೂಗಿ ಕೂಗಿ ಸುದ್ದಿ ಮುಟ್ಟಿಸಿಬಿಟ್ಟಿದ್ದವು.

ಅವಳು ಹಾಳೆ ಹಿಡಿದು ಮೆಟ್ಟಿಲಿಗೆ ಹೋದಳು.

"ಅಜ್ಜಾರ, ಐದನೇ ಪುಟದಾಗ ಸಿಕ್ಕೆ."

"ಯಾರು?"

"ನಾನ್ರಿ."

ಅಜ್ಜಾರು ತಲೆಯಾಡಿಸಿದರು. "ಮ್ಯಾಲಿಂದ ನೀರು ಯಾವಾಗ ಬಿಡತಾರ?"

"ಮಳಿಗಾಲದಾಗ್ರಿ."

"ಮಳಿಗಾಲದಾಗ ಗಾಳಿ?"

ದಾಕ್ಷಾಯಣಿಯ ಕಣ್ಣು ಹೊಳೆಯ ಕಡೆ ಹೋಯಿತು. ಕೆಳಗೆ ಮರಳಿನಲ್ಲಿ ಒಬ್ಬಳು ಹೆಂಗಸು ತನ್ನ ಎಮ್ಮೆಯ ಬೆನ್ನಿಗೆ ನೀರು ಎರಚುತ್ತ, ಅದಕ್ಕೆ ಏನೋ ಬುದ್ಧಿ ಹೇಳುತ್ತ ನಿಂತಿದ್ದಳು. ದಿನಾ ಕಾಣುವ ಹೆಂಗಸು. ಸೈರನ್ ಕೂಗಬೇಕಾದದ್ದು ಅವಳಿಗೆ, ಎಂದು ದಾಕ್ಷಾಯಣಿಗೆ ಆವತ್ತು ಹೊಸದಾಗಿ ಹೊಳೆಯಿತು.

"ಇದನ್ನ ಹಾಕಿದ್ರ ಪೇಪರ್ ಬೀಳತೈತ್ರಿ."

"ಬೀಳಬಹುದು."

"ನನ್ನ ನೋಂದಣಿ ಹೋಗತೈತ್ರಿ."

"ಹೋಗಬಹುದು."

"ಹಂಗ ಆಗಂಗಿಲ್ಲ ಅಂತ ಒಂದು ಮಾತರ ಅನ್ರಿ ಅಜ್ಜಾರ."

"ನನಗ ಗೊತ್ತಿಲ್ಲದ್ದನ್ನ ಹೆಂಗ ಅನ್ಲಿ?" ಅವರು ಒಂದು ಹಿಡಿ ಶೇಂಗಾ ತೆಗೆದು ಅವಳ ಕೈಗೆ ಹಾಕಿದರು. "ತಿನ್ನು. ಮುಂಜಾನಿಂದ ಏನೂ ತಿಂದಿಲ್ಲ ನೀನು."

ಅವಳು ಅಲ್ಲೇ ಕೂತು ತಿಂದಳು. ಹುಲಿಗೆಮ್ಮ ನಿಜಕ್ಕೂ ಹದವಾಗಿ ಹುರಿದಿದ್ದಳು.

ತಿಂದು ಎದ್ದವಳು ಬರೆಯಲು ಕೂತಳು. ಅರ್ಧ ಪುಟದ ಗಣಿತ ತೆಗೆದು ಆ ಜಾಗದಲ್ಲಿ ಗಾಳಿಯ ದಿನಗಳನ್ನು ತಂದು ಕೂರಿಸಿದಳು. ಎರಡು ಗೆರೆಗಳೂ ಒಂದನ್ನೊಂದು ದಾಟಿ ಹೋದವು. ಗಾಳಿಯಿಲ್ಲದಾಗ ತನ್ನ ವಿಧಾನ ಗೆಲ್ಲುತ್ತದೆ, ಗಾಳಿ ಎದ್ದಾಗ ಸೋಲುತ್ತದೆ, ಸೋಲುವುದು ಹೀಗೆ, ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಳು.

ಬರೆಯುತ್ತ ಬರೆಯುತ್ತ ಇನ್ನೊಂದು ಮಾತೂ ಹೊಳೆಯಿತು. ಗಾಳಿ ಎದ್ದಾಗ ಪೆಟ್ಟಿಗೆ ಲೆಕ್ಕ ಬಿಟ್ಟು ಕೂಗಿದರಾಯಿತಲ್ಲ? ಅಡಗಿಸಿಟ್ಟ ದಿನಗಳ ಕೆಳಗೇ ಈ ಉಪಾಯ ಇಷ್ಟು ದಿನ ಬಿದ್ದುಕೊಂಡಿತ್ತು. ಅದನ್ನು ಪರೀಕ್ಷಿಸಲು ಸಮಯವಿರಲಿಲ್ಲ. ಹಾಗಾಗಿ 'ಇದನ್ನು ಇನ್ನೂ ಮಾಡಿ ನೋಡಿಲ್ಲ' ಎಂದೇ ಬರೆದಳು. ಕೈ ಎಷ್ಟು ಹಗುರವಾಗಿ ಓಡುತ್ತಿತ್ತೆಂದರೆ ಅವಳಿಗೇ ಆಶ್ಚರ್ಯ.

ಬರೆದು ಮುಗಿಯುವ ಮುಂಚೆ ಗಡುವಿನ ದಿನ ಸೂರ್ಯ ಮುಳುಗಿದ.

ಹುಲಿಗೆಮ್ಮ ಹಣೆ ಚಚ್ಚಿಕೊಂಡಳು. "ಮುಗೀತಲ್ಲವ್ವಾ! ಇಷ್ಟ್ ಮಾಡಿ ಹೊತ್ತು ಮುಳುಗಿಸಿದ್ಯಲ್ಲಾ!"

"ಇಲ್ಲ ಹುಲಿಗೆಮ್ಮಕ್ಕಾ," ಎಂದ ಮೌನೇಶ, ಕೊನೆಗೂ ಬಾಯಿ ತೆರೆಯಲು ಅವಕಾಶ ಸಿಕ್ಕ ಖುಷಿಯಲ್ಲಿ. "ಈ ವರ್ಕ್‌ಶಾಪಿನವರದು ಒಂದು ಪದ್ಧತಿ ಐತಿ. ಭೂಮಿ ಮ್ಯಾಲ ಎಲ್ಲ್ಯಾರ ಒಂದು ಕಡೆ ಆ ದಿನ ಉಳದಿದ್ರ ಗಡುವು ಉಳದಂಗ. ಪೆಸಿಫಿಕ್ ಸಮುದ್ರದ ನಡುವ ಒಂದು ನಡುಗಡ್ಡಿ ಐತಿ. ಎಲ್ಲಾರಕಿಂತ ಕಡೀಕ ದಿನ ಮುಗಿಯೋದು ಅಲ್ಲಿ. ಅಲ್ಲಿ ಮುಗಿಯೋದಂದ್ರ ನಮಗ ನಾಳಿ ಸಂಜಿ ಐದೂವರಿ."

"ಅಲ್ಲಿ ಯಾರದಾರ?"

"ಯಾರೂ ಇಲ್ಲ. ಬರೇ ಹಕ್ಕಿ."

ಹುಲಿಗೆಮ್ಮ ಪಶ್ಚಿಮದ ಕಡೆ ತಿರುಗಿ ಕೈ ಮುಗಿದಳು. "ನಮ್ಮವ್ವಗಳಿರಾ, ಲಗೂನ ಮಲಗಬ್ಯಾಡ್ರಿ."

ಹಕ್ಕಿಗಳು ದಯಪಾಲಿಸಿದ ಆ ಮರುದಿನ ದಾಕ್ಷಾಯಣಿ ಮೆಟ್ಟಿಲ ಮೇಲೆ ಕೂತು ಕಡೆಯ ಸಲ ಓದಿದಳು. ಅಜ್ಜಾರು ಒಂದು ಕಾಯಿ ತೆಗೆದು ಎರಡು ಬೆರಳ ನಡುವೆ ಹಿಡಿದರು.

ಅವಳ ಒಂದು ಕಣ್ಣು ಹಾಳೆಯ ಮೇಲೆ, ಒಂದು ಕಣ್ಣು ಆ ಬೆರಳುಗಳ ಮೇಲೆ. ಮೊದಲ ಪುಟ ಸದ್ದಿಲ್ಲದೆ ದಾಟಿತು. ಎರಡು, ಮೂರು ದಾಟಿದವು. ಐದನೇ ಪುಟದಲ್ಲಿ ಅಜ್ಜಾರ ಕೈ ಮೇಲೆದ್ದಿತು. ದಾಕ್ಷಾಯಣಿಯ ಓದು ತಡವರಿಸಿತು. ಅಜ್ಜಾರು ಕಿವಿ ಕೆರೆದುಕೊಂಡರು, ಅಷ್ಟೇ.

ಕೊನೆಯ ಸಾಲು ಮುಗಿಯಿತು. ಅಜ್ಜಾರು ಆ ಕಾಯಿಯನ್ನು ವಾಪಸು ಬುಟ್ಟಿಗೆ ಹಾಕಿದರು.

"ಹೆಂಗೈತ್ರಿ?"

"ಹಸಿವಿ ಆಗೈತಿ. ಊಟಕ್ಕ ಏಳ್ರಿ."

ದಾಕ್ಷಾಯಣಿ ಕುಣಿದುಬಿಟ್ಟಳು. ಪ್ರಬಂಧ ಬೀಳಬಹುದು ಎಂಬುದು ಆ ಗಳಿಗೆಯಲ್ಲಿ ಅವಳಿಗೆ ನೆನಪೇ ಇರಲಿಲ್ಲ.

ಊಟ ಮುಗಿಸಿ ಕಳಿಸಲು ಹೋದರೆ ಆಶ್ರಮದ ಇಂಟರ್ನೆಟ್ ಸತ್ತು ಮಲಗಿತ್ತು. ಜಾಲದ ಬಗ್ಗೆ ಬರೆದ ಪ್ರಬಂಧ ಜಾಲವಿಲ್ಲದೆ ಕೂತಿತು. ಕೊನೆಗೆ ಎಲ್ಲರೂ ಸೇರಿ, ಫೋನಿಗೆ ಒಂದಿಷ್ಟು ಸಿಗ್ನಲ್ ಸಿಗುವ ಹಿಂದಿನ ದೊಡ್ಡ ಬಂಡೆ ಹತ್ತಿದರು. ಹುಲಿಗೆಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಮೌನೇಶ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದ. ಸಂಜೆ ಐದರ ಸುಮಾರಿಗೆ 'ತಲುಪಿತು' ಎಂಬ ಉತ್ತರ ಬಂತು. ನಾಲ್ವರೂ ಬಂಡೆಯ ಮೇಲೆ ನಿಂತು ಮಕ್ಕಳಂತೆ ಕೂಗಿದರು. ಕೆಳಗಿದ್ದ ಎಮ್ಮೆಗಳು ತಲೆಯೆತ್ತಿ ನೋಡಿದವು.

ಆಮೇಲೆ ಕಾಯುವ ದಿನಗಳು. ದಾಕ್ಷಾಯಣಿಗೆ ಭಯವಿರಲಿಲ್ಲ ಎಂದರೆ ಸುಳ್ಳು. ಭಯವಿತ್ತು. ಆದರೆ ಕೈ ಕಟ್ಟಿ ಕೂರಲು ಪುರುಸೊತ್ತಿರಲಿಲ್ಲ. ಕಂಬ ಕಂಬ ಹತ್ತಿ, ಗಾಳಿ ಎದ್ದರೆ ಕೂಗುವುದನ್ನು ಪೆಟ್ಟಿಗೆಗಳಿಗೆ ಕಲಿಸುತ್ತಿದ್ದಳು.

ಉತ್ತರ ಬಂದ ದಿನವೂ ಅವಳು ಕಂಬದ ಮೇಲಿದ್ದಳು. ಮೌನೇಶ ಕೆಳಗಿನಿಂದ ಚೀರುತ್ತ ಓಡಿ ಬಂದ. ಬಂಡೆಯ ಮೇಲೆ ಹತ್ತಿ ಅವನೇ ಮೊದಲು ನೋಡಿದ್ದ.

"ಅಕ್ಕಾ, ಒಪ್ಪ್ಯಾರ! ಅಕ್ಕಾ, ಇಳಿ! ಬ್ಯಾಡ ಬ್ಯಾಡ, ಗಟ್ಯಾಗಿ ಹಿಡಕೊ, ಆಮ್ಯಾಲ ಇಳಿ!"

ಹೆಸರಿಲ್ಲದ ಮೂವರು ಓದಿದ್ದರು. ಒಬ್ಬರು, ಹಳೆಯ ವಿಧಾನದ ಮುಂದೆ ಸೋಲುವುದನ್ನು ಹೊಸದೆಂದು ಯಾಕೆ ಒಪ್ಪಬೇಕು ಎಂದು ಮುಖ ಸಿಂಡರಿಸಿದ್ದರು. ಇನ್ನೊಬ್ಬರು, ಪ್ರಬಂಧ ಸರಳವಾಗಿದೆ, ಗಣಿತ ಇನ್ನಷ್ಟು ಇರಬಹುದಿತ್ತು, ಆದರೂ ಇರಲಿ ಎಂದಿದ್ದರು. ಅದನ್ನು ಓದಿ ದಾಕ್ಷಾಯಣಿಗೆ ನಗು ತಡೆಯಲಾಗಲಿಲ್ಲ.

ಮೂರನೆಯವರು ಉದ್ದಕ್ಕೆ ಬರೆದಿದ್ದರು. ತಾವೂ ಎಲ್ಲೋ ದೂರದ ಸಮುದ್ರದಂಡೆಯಲ್ಲಿ ಮೀನುಗಾರರಿಗಾಗಿ ಇಂಥದ್ದೇ ಪೆಟ್ಟಿಗೆ ಕಟ್ಟಿದ್ದಾರಂತೆ. ಬಿರುಗಾಳಿಯ ದಿನವೇ ಅವು ಯಾಕೆ ಮಾತು ನಿಲ್ಲಿಸುತ್ತವೆಂದು ತಿಳಿಯದೆ ಬಹಳ ಕಾಲದಿಂದ ತಲೆ ಕೆಡಿಸಿಕೊಂಡಿದ್ದರಂತೆ. 'ಐದನೇ ಪುಟ ಓದಿ ಕುರ್ಚಿ ಬಿಟ್ಟು ಎದ್ದೆ. ಈ ಪ್ರಬಂಧ ಬೇಕೇ ಬೇಕು. ಬರೆದವರು ಯಾರೋ ತಿಳಿಯದು, ಅವರ ಹೊಳೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ' ಎಂದು ಮುಗಿಸಿದ್ದರು.

ದಾಕ್ಷಾಯಣಿ ಕಂಬಕ್ಕೆ ಒರಗಿ ಅದನ್ನು ಮತ್ತೆ ಓದಿದಳು. ಕಣ್ಣು ಮಂಜಾಯಿತು. ನೋಂದಣಿ ಉಳಿಯಿತು ಎಂಬ ಸಂತೋಷ ಒಂದು ಕಡೆ. ಎಂದೂ ನೋಡದ ಒಂದು ಸಮುದ್ರದಂಡೆಯಲ್ಲಿ ಯಾರೋ ತನ್ನ ಸೋಲಿನಿಂದ ಎದ್ದು ನಿಂತರು ಎಂಬ ಸಂತೋಷ ಇನ್ನೊಂದು ಕಡೆ. ಎರಡನೆಯದು ದೊಡ್ಡದಿತ್ತು.

ಹುಲಿಗೆಮ್ಮ ಬುಟ್ಟಿಯಲ್ಲಿ ಉಳಿದ ಶೇಂಗಾವನ್ನೆಲ್ಲ ಸುಲಿದು, ಬೆಲ್ಲ ಹಾಕಿ ಕುಟ್ಟಿ ಹೋಳಿಗೆ ಮಾಡಿದಳು. ಆಶ್ರಮದಲ್ಲಷ್ಟೇ ಅಲ್ಲ, ದಂಡೆಯಲ್ಲಿ ಬಟ್ಟೆ ಒಗೆಯುವವರಿಗೂ ಎಮ್ಮೆಯ ಹೆಂಗಸಿಗೂ ಕರೆಕರೆದು ಕೊಟ್ಟಳು. ಏನು ವಿಶೇಷ ಎಂದು ಕೇಳಿದವರಿಗೆ, "ನಮ್ಮ ಹುಡುಗಿ ಸೋತಿದ್ದನ್ನ ಮಂದಿ ಮೆಚ್ಯಾರ" ಎಂದು ಹೇಳುತ್ತಿದ್ದಳು. ಅವರಿಗೆ ಏನೂ ತಿಳಿಯಲಿಲ್ಲ. ಹೋಳಿಗೆ ಮಾತ್ರ ಖಾಲಿಯಾಯಿತು.

ಸಂಜೆ ದಾಕ್ಷಾಯಣಿ ಮೆಟ್ಟಿಲಿಳಿದು ಬಂದು ಅಜ್ಜಾರ ಕಾಲ ಬಳಿ ಕೂತಳು. ಪಕ್ಕದಲ್ಲಿ ಬುಟ್ಟಿ ಖಾಲಿ ಬಿದ್ದಿತ್ತು.

"ಅಜ್ಜಾರ, ಇನ್ನೊಂದು ನಿಯಮ ಐತ್ರಿ. ಆರಿಸಿದ ಮ್ಯಾಲ ಬರದವರು ಹೆಸರು ಹಾಕಿ ಕಳಸಬೇಕಂತ."

"ಹಾಕು."

ದಾಕ್ಷಾಯಣಿ ಹೊಳೆಯ ಕಡೆ ನೋಡಿದಳು. ದನಿ ಮೆತ್ತಗಾಯಿತು.

"ಯಾಕ್ರಿ ಅಜ್ಜಾರ ಹೆಸರು? ಬರದಾಕಿ ನಾನಲ್ಲ. ಹೊಳಿ ಬರಸಿತು, ಗಾಳಿ ಬರಸಿತು. ಹೆಸರು ಹಾಕೋ ಆಸೆನ ಉಳದಿಲ್ರಿ ನನಗ."

ಟಕ್.

ಅವಳು ಬೆಚ್ಚಿ ತಿರುಗಿದಳು. ಬುಟ್ಟಿ ಖಾಲಿಯೇ ಇತ್ತು. ಅಜ್ಜಾರು ಅಂಗಿಯ ಕಿಸೆಯಿಂದ ತೆಗೆದಿದ್ದರು. ಕಾಳು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಅವಳ ಅಂಗೈ ಮೇಲಿಟ್ಟರು.

ದಾಕ್ಷಾಯಣಿ ಸಿಪ್ಪೆ ನೋಡಿದಳು. ಮೊದಲು ನಾಚಿಕೆ, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ನಗು ನಿಂತ ಮೇಲೆ ಕೇಳಿದಳು.

"ಹಂಗಾರ ಹಾಕ್ಲ್ಯಾ?"

"ಹಾಕವ್ವಾ, ದಪ್ಪ ಅಕ್ಷರದಾಗ ಹಾಕು. ನಾಳೆ ಆ ಸೈರನ್ ಕೂಗಲಿಲ್ಲಂದ್ರ ಯಾರ ಬಾಗಿಲು ಬಡೀಬೇಕಂತ ಹೊಳ್ಯಾಗಿನ ಮಂದಿಗೆ ಗೊತ್ತಿರಬೇಕಲ್ಲ."